ಮಾಳಿಗಿ ಮ್ಯಾಲ ಅದೀನ್ರಿ

ಬಳ್ಳಾರಿ
೩ ಫೆಬ್ರವರಿ ೨೦೨೫

ಪ್ರೀತಿಯ ಅತ್ತಿಗೆಗೆ,

ನೀವು ನೀಲುನನ್ನು ಕರೆದುಕೊಂಡು ಕುರುಗೋಡಿನ ತವರಿಗೆ ಹೋಗಿ ಎಂಟು ತಿಂಗಳಾಯಿತು. ಒಂದು ಸಲವೂ ಫೋನ್ ಮಾಡಲಿಲ್ಲ ಎಂದು ಬೇಸರ ಮಾಡಿಕೊಂಡಿರಬಹುದು. ನನ್ನ ಸಿಮ್ ಅಣ್ಣನ ಹೆಸರಿನಲ್ಲಿದೆ. ದಿನಾ ಸಂಜೆ ಫೋನ್ ಇಸಿದುಕೊಂಡು ಯಾರ ಜೊತೆ ಮಾತಾಡಿದ್ದೇನೆ ಎಂದು ನೋಡುತ್ತಾನೆ. ನೋಡಿ ಬೈಯುವುದಿಲ್ಲ, ನಗುತ್ತಾನೆ. ಆ ನಗೆ ನಿಮಗೆ ಗೊತ್ತು. ಅದಕ್ಕೇ ಪ್ಯಾಂಟಿನ ಅಳತೆ ಗುರುತು ಹಾಕುವ ಈ ಕಂದು ಕಾಗದದ ಮೇಲೆ ಬರೆಯುತ್ತಿದ್ದೇನೆ. ಅಣ್ಣನ ಜೀನ್ಸ್ ಯೂನಿಟ್ಟಿನಲ್ಲಿ ಇದು ಬೇಕಾದಷ್ಟು ಬಿದ್ದಿರುತ್ತದೆ.

ಶುಕ್ರವಾರ ಬೆಳಿಗ್ಗೆ ಕೋರ್ಟಿನ ಅಮೀನರು ಬಂದಿದ್ದರು. ಹೆಸರು ಚಿದಾನಂದಪ್ಪ, ವಯಸ್ಸಾದವರು. ನೀವು ಜೀವನಾಂಶಕ್ಕೆ ಹಾಕಿದ ಕೇಸಿನ ಸಮನ್ಸ್ ತಂದಿದ್ದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಚನ್ನಬಸವರಾಜ ಇಲ್ಲಿ ಇರಂಗಿಲ್ರಿ. ಹೈದರಾಬಾದ್‌ಗೆ ಹೋಗಿ ಆರು ತಿಂಗಳಾತು."

ಇದು ಮೂರನೇ ಸಲವಂತೆ. ಹಿಂದೆ ಎರಡು ಸಲವೂ ಅವ್ವ ಹೀಗೇ ಹೇಳಿ ಕಳಿಸಿದ್ದಾಳೆ. ನಾನು ಆಗ ಯೂನಿಟ್ಟಿನಲ್ಲಿದ್ದೆ. ಅಮೀನರು ಹೊರಟವರು ನಿಂತು ನನ್ನನ್ನು ಕೇಳಿದರು: "ಏನವ್ವಾ, ನಿಮ್ಮಣ್ಣ ಹೈದರಾಬಾದ್‌ನಾಗ ಅದಾನೇನು?"

"ಇಲ್ರಿ. ಮಾಳಿಗಿ ಮ್ಯಾಲ ಅದಾನ. ಜಳಕ ಮಾಡಾಕತ್ತಾನ."

"ಹೈದರಾಬಾದ್ ಭಾಳ ಹತ್ರ ಬಂತಲ್ಲ!" ಎಂದು ಅವರು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿಯೇಬಿಟ್ಟರು. ಅಣ್ಣ ಒದ್ದೆ ಕೈಯಲ್ಲೇ ಸಹಿ ಹಾಕಿದ.

ಅವ್ವ ಇನ್ನೂ ಬೈಯುತ್ತಿದ್ದಾಳೆ. "ಈ ಬಾಯಿಂದನ ಸಾಲಿ ಬಿಟ್ಟಿ, ಇನ್ನ ಮನೀನೂ ಬಿಡ್ತಿ ನೋಡು" ಎನ್ನುತ್ತಾಳೆ. ಅಣ್ಣ ಮಾತ್ರ ಊಟಕ್ಕೆ ಕುಳಿತಾಗ ನನ್ನ ಮುಖವನ್ನೇ ನೋಡಿದ. ಹೊಸ ಬಟ್ಟೆಯ ಥಾನು ಬಂದಾಗ ಎಲ್ಲಿಂದ ಕತ್ತರಿಸಬೇಕು ಎಂದು ನೋಡುತ್ತಾನಲ್ಲ, ಹಾಗೆ.

ನನಗೇನೂ ಹೆದರಿಕೆಯಿಲ್ಲ.

ನೀವು ಬರೆಯುವುದಾದರೆ ಸುಂಕಮ್ಮನ ಮನೆಗೆ ಬರೆಯಿರಿ. ನಮ್ಮಲ್ಲಿ ದಾರ ಕತ್ತರಿಸುತ್ತಾಳಲ್ಲ, ಆಕೆ. ಓದಲು ಬರುವುದಿಲ್ಲ, ಡಬ್ಬಿಯಲ್ಲಿ ರೊಟ್ಟಿಯ ಕೆಳಗಿಟ್ಟು ತಂದುಕೊಡುತ್ತಾಳೆ. ಜೊತೆಗೆ ನೀಲುಗೆ ಒಂದು ಜೀನ್ಸ್ ಪ್ಯಾಂಟ್ ಇಟ್ಟಿದ್ದೇನೆ. ತುಂಡು ಬಟ್ಟೆಯದು, ಆದರೆ ಜೇಬು ನಿಜವಾದದ್ದು, ಕೈ ಒಳಗೆ ಹೋಗುತ್ತದೆ.

ಗಂಗೋತ್ರಿ


ಕುರುಗೋಡು
೧೧ ಫೆಬ್ರವರಿ ೨೦೨೫

ಗಂಗೀ,

ನಿನ್ನ ಪತ್ರ ಓದಿ ನಕ್ಕೆ, ಆಮೇಲೆ ಬಾಗಿಲ ಅಗುಳಿ ಹಾಕಿಕೊಂಡು ಕುಳಿತೆ. ಯಾಕೆ ಹೇಳಿದೆ ಮಾರಾಯ್ತಿ? ನಾನು ಆ ಮನೆಯಲ್ಲಿಲ್ಲ, ನೀನು ಇದ್ದೀಯ.

ಆದರೆ ನೀನು ಹೇಳದಿದ್ದರೆ ಈ ಕೇಸು ಬಾಗಿಲಲ್ಲೇ ಸಾಯುತ್ತಿತ್ತು. ನಮ್ಮ ಓಣಿಯ ಅಂಗನವಾಡಿಯಲ್ಲಿ ಒಂದು ದಿನ ಕಾನೂನು ಅರಿವಿನ ಕಾರ್ಯಕ್ರಮ ಇತ್ತು. ನೀಲುಗೆ ಮೊಟ್ಟೆ ಕೊಡುತ್ತಾರೆಂದು ಹೋದವಳು ನಾನು. ಮಗುವನ್ನು ಒಬ್ಬಳೇ ಸಾಕುವವಳಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ, ಒಂದು ಪೈಸೆ ಕೊಡಬೇಕಿಲ್ಲ ಎಂದು ಅಲ್ಲಿ ಹೇಳಿದರು. ನನಗೆ ಸಿಕ್ಕವರು ಹೊನ್ನೂರಸ್ವಾಮಿ ವಕೀಲರು. ಬಳ್ಳಾರಿಯಲ್ಲಿ ಕೋರ್ಟಿನ ಎದುರೇ ಅವರ ಆಫೀಸು. "ನಿನಗ ಬ್ಯಾಡ ಅಂದ್ರ ಬ್ಯಾಡವ್ವ, ಮಗಳಿಗೆ ಕೇಳಾಕ ನಾಚಿಕಿ ಯಾಕ?" ಎಂದರು. ಅದೊಂದು ಮಾತಿಗೆ ಸಹಿ ಹಾಕಿದೆ.

ಈಗ ನಿಮ್ಮಣ್ಣ ತನ್ನ ಕೆಲಸ ಏನು, ಆದಾಯ ಎಷ್ಟು ಎಂದು ಪ್ರಮಾಣ ಮಾಡಿ ಕೋರ್ಟಿಗೆ ಬರೆದುಕೊಡಬೇಕಂತೆ. ಯೂನಿಟ್ಟಿನಲ್ಲಿ ಮೆಷಿನ್ ಎಷ್ಟಿವೆ ಎಂದು ವಕೀಲರು ಕೇಳಿದರು. ನಾನಿದ್ದಾಗ ಹದಿನೆಂಟು ಇದ್ದವು. ನೀನು ಹೇಳಲೇಬೇಕು ಎಂದಿಲ್ಲ.

ಪ್ಯಾಂಟ್ ಹಾಕಿಕೊಂಡು ನೀಲು ದಿನವಿಡೀ ಜೇಬಿನಲ್ಲಿ ಕೈ ಇಟ್ಟುಕೊಂಡು ಓಡಾಡಿದಳು. ಒಂದನೇ ತರಗತಿಯಲ್ಲಿ ಚೆನ್ನಾಗಿ ಓದುತ್ತಾಳೆ. ಬೈಕಿನ ಸದ್ದಾದರೆ ಮಾತ್ರ ಒಳಗೆ ಬಂದುಬಿಡುತ್ತಾಳೆ, ಬೇರೆ ಏನೂ ತೊಂದರೆಯಿಲ್ಲ.

ನಿನ್ನ ಅತ್ತಿಗೆ
ಐಶ್ವರ್ಯ


ಬಳ್ಳಾರಿ
೨೦ ಫೆಬ್ರವರಿ ೨೦೨೫

ಅತ್ತಿಗೆ,

ಮೆಷಿನ್ ಈಗ ಇಪ್ಪತ್ತಾರು. ಹೇಳಲೇಬೇಕು ಎಂದಿಲ್ಲ ಎಂದು ನನಗೆ ಬರೆಯಬೇಡಿ. ಕೇಳಿದ್ದಕ್ಕೆ ಹೇಳದೆ ಇರುವುದು ನನಗೆ ಬರುವುದಿಲ್ಲ.

ಒಂದು ಒಳ್ಳೆಯ ಸುದ್ದಿ. ಅಣ್ಣ ಬದಲಾಗುತ್ತಿದ್ದಾನೆ ಎಂದು ನನಗೆ ಅನ್ನಿಸುತ್ತಿದೆ. ಸಮನ್ಸ್ ವಿಷಯಕ್ಕೆ ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ಬದಲಿಗೆ ಹೋದ ವಾರ ಬೈಕಿನಲ್ಲಿ ಕೂರಿಸಿಕೊಂಡು ಗಾಂಧಿನಗರಕ್ಕೆ ಕರೆದುಕೊಂಡು ಹೋದ. ಮಹಿಳೆಯರಿಗೆ ಸರ್ಕಾರ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದಂತೆ, ಅದರಲ್ಲಿ ನನ್ನ ಹೆಸರಿಗೆ ಹೊಸ ಮೆಷಿನ್ ತರುತ್ತಾನಂತೆ.

"ಎಷ್ಟು ದಿನ ಅಂತ ಜೇಬು ಹೊಲೀತಿ? ನೀನೂ ನಾಕು ಮಂದಿ ಮುಂದ ಮಾಲಕಿ ಅನ್ನಿಸ್ಕೋ" ಎಂದ.

ಬ್ಯಾಂಕಿನಲ್ಲಿ ನನ್ನ ಹೆಸರಿಗೆ ಖಾತೆ ಆಯಿತು. ಒಬ್ಬ ಆಡಿಟರ್ ಆಫೀಸಿನಲ್ಲಿ ಒಂಬತ್ತು ಕಡೆ ಸಹಿ ಹಾಕಿಸಿದರು. ಎಲ್ಲ ಇಂಗ್ಲಿಷಿನಲ್ಲಿತ್ತು. ಓದಲು ಹೊರಟೆ, ಒಂದು ಕಡೆ ಕುಳಿತು ಓದುವ ತಾಳ್ಮೆ ನನಗೆ ಎಲ್ಲಿದೆ? ಹೊರಗೆ ಬಂದ ಮೇಲೆ ಅಣ್ಣ ಮಿರ್ಚಿ ಮಂಡಕ್ಕಿ ಕೊಡಿಸಿದ. ನನಗೆ ಅವನು ಕೈಯಾರೆ ಏನಾದರೂ ಕೊಡಿಸಿದ್ದು ಅಪ್ಪ ಸತ್ತ ಮೇಲೆ ಅದೇ ಮೊದಲು. ಅವ್ವ ಕೂಡ ಬೈಯುವುದು ನಿಲ್ಲಿಸಿದ್ದಾಳೆ.

ನಿಮ್ಮ ಬಗ್ಗೆಯೂ ಕೇಳಿದ. "ನೀಲು ಯಾವ ಸಾಲಿಗೆ ಹೋಗ್ತಾಳಂತ?" ಎಂದ. ಗೊತ್ತಿಲ್ಲ ಎಂದೆ. ಸಾಲೆಯ ಹೆಸರು ನೀವು ಬರೆದಿಲ್ಲವಲ್ಲ, ಹಾಗಾಗಿ ಅದು ಸುಳ್ಳಲ್ಲ. ಒಂದನೇ ತರಗತಿ ಅಂತೆ ಎಂದು ಹೇಳಿದೆ. ಅದು ನಿನಗೆ ಹೇಗೆ ಗೊತ್ತು ಎಂದು ಅವನು ಕೇಳಲಿಲ್ಲ.

ನನಗೇನೂ ಹೆದರಿಕೆಯಿಲ್ಲ.

ಗಂಗೋತ್ರಿ


ಬಳ್ಳಾರಿ
೧೦ ಮಾರ್ಚ್ ೨೦೨೫

ಅತ್ತಿಗೆ,

ನಿಮ್ಮ ಉತ್ತರ ಬರಲಿಲ್ಲ. ಸುಂಕಮ್ಮನ ಡಬ್ಬಿಯಲ್ಲಿ ದಿನಾ ಬರೀ ರೊಟ್ಟಿ. "ನನ್ನ ಮಾರಿ ಯಾಕ ನೋಡ್ತಿ? ನಾನೇನು ಪೋಸ್ಟ್ ಆಫೀಸ?" ಎಂದು ನಿನ್ನೆ ರೇಗಿದಳು.

ಅಣ್ಣ ಹೋದ ತಿಂಗಳ ಕೊನೆಗೆ ಕುರುಗೋಡಿಗೆ ಹೋಗಿದ್ದನಂತೆ. ಅವ್ವನಿಗೆ ಹೇಳುತ್ತಿದ್ದದ್ದು ಕೇಳಿಸಿತು. "ನೀಲು ಎತ್ರ ಆಗ್ಯಾಳಬೇ. ಜೀನ್ಸ್ ಪ್ಯಾಂಟ್ ಹಾಕ್ಕೊಂಡಿದ್ಲು. ಜೇಬು ಭಾಳ ಚಲೋ ಹೊಲದಾರ." ಹೇಳುವಾಗ ನನ್ನ ಕಡೆ ತಿರುಗಲಿಲ್ಲ. ಆ ಹೊಲಿಗೆ ಯಾರದು ಎಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಇಪ್ಪತ್ತಾರು ಮೆಷಿನ್‌ಗಳಲ್ಲಿ ಯಾವುದು ಯಾರ ಕೈ ಎಂದು ದಾರ ನೋಡಿ ಹೇಳುವವನು.

ನೀವು ಚೆನ್ನಾಗಿದ್ದೀರಿ ಎಂದು ಒಂದು ಸಾಲು ಬರೆಯಿರಿ. ಒಂದೇ ಸಾಲು ಸಾಕು.

ಗಂಗೋತ್ರಿ


೧೯ ಮಾರ್ಚ್ ೨೦೨೫

ಗಂಗೋತ್ರಿಯವರಿಗೆ,

ನಾನೀಗ ಕುರುಗೋಡಿನಲ್ಲಿಲ್ಲ. ಎಲ್ಲಿದ್ದೇನೆ ಎಂಬುದು ನಿಮಗೆ ಬೇಡ.

ನನ್ನ ಗಂಡ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರವನ್ನು ವಕೀಲರು ಓದಿ ಹೇಳಿದರು. ಅವರಿಗೆ ಯಾವ ಯೂನಿಟ್ಟೂ ಇಲ್ಲವಂತೆ. ತಂಗಿಯ ಯೂನಿಟ್ಟಿನಲ್ಲಿ ದಿನಗೂಲಿಗೆ ಬಟ್ಟೆ ಕತ್ತರಿಸುತ್ತಾರಂತೆ. ಮಗಳಿಗೆ ಕೊಡುವಷ್ಟು ಶಕ್ತಿ ಇಲ್ಲವಂತೆ. ಜೊತೆಗೆ ಯೂನಿಟ್ಟಿನ ಕಾಗದಪತ್ರ ಇಟ್ಟಿದ್ದಾರೆ. ಮಾಲೀಕರು: ಗಂಗೋತ್ರಿ. ಕೆಳಗೆ ನಿಮ್ಮ ಸಹಿ. ಆ ಸಹಿ ನನಗೆ ಗೊತ್ತು. ನೀಲುಗೆ 'ಗ' ಬರೆಯಲು ಕಲಿಸಿದ ಕೈ ಅದು.

ಸಾಕ್ಷಿಯಾಗಿ ನಿಮ್ಮ ಹೆಸರನ್ನೇ ಕೊಟ್ಟಿದ್ದಾರೆ.

ಮೆಷಿನ್ ಎಷ್ಟು ಎಂದು ನಿಮ್ಮನ್ನೇ ಕೇಳಿದ್ದೆನಲ್ಲ, ನೀವು ಹೇಳಿಯೂ ಬಿಟ್ಟಿರಿ. ನಿಮ್ಮದೇ ಮೆಷಿನ್, ಲೆಕ್ಕ ತಪ್ಪುತ್ತದೆಯೇ! ಪ್ಯಾಂಟನ್ನು ವಾಪಸ್ ಕಳಿಸಿದ್ದೇನೆ. ಉತ್ತರ ಬರೆಯಬೇಡಿ.

ಐಶ್ವರ್ಯ


ಬಳ್ಳಾರಿ
೨೭ ಮಾರ್ಚ್ ೨೦೨೫
(ಹೊನ್ನೂರಸ್ವಾಮಿ ವಕೀಲರ ಮೂಲಕ)

ಅತ್ತಿಗೆ,

ಬರೆಯಬೇಡಿ ಎಂದಿರಿ. ಬರೆಯುತ್ತಿದ್ದೇನೆ. ವಕೀಲರ ವಿಳಾಸಕ್ಕೆ ಕಳಿಸಿದರೆ ನಿಮಗೆ ಸಿಗುತ್ತದೆ ಎಂಬ ನಂಬಿಕೆ.

ನಿಮ್ಮ ಪತ್ರ ಓದಿದ ದಿನವೇ ಅಣ್ಣನ ಮುಂದೆ ನಿಂತು ಕೇಳಿದೆ. ಅವನು ಕತ್ತರಿಸುವ ಮೇಜಿನ ಹತ್ತಿರ ಇದ್ದ. ಕತ್ತರಿ ಕೆಳಗಿಡಲಿಲ್ಲ.

"ಸಾಲ ಎಲ್ಲೈತಿ? ಒಂದೂ ಹೊಸ ಮೆಷಿನ್ ಬಂದಿಲ್ಲ."

"ಸಾಲ ಇಲ್ಲ. ಯೂನಿಟ್ಟ ನಿಂದು. ನೀನ ಮಾಲಕಿ."

"ನಾನು ಯಾವತ್ತು ಮಾಲಕಿ ಆದೆ?"

"ಮಿರ್ಚಿ ತಿಂದೆಲ್ಲ, ಅವತ್ತು." ನಕ್ಕ. ಆಮೇಲೆ ಬಹಳ ಮೆತ್ತಗೆ ಹೇಳಿದ. "ನೋಡು ಗಂಗಿ, ನೀನು ಸುಳ್ಳು ಹೇಳಂಗಿಲ್ಲ ಅಂತ ಇಡೀ ಓಣಿಗೆ ಗೊತ್ತು. ಹತ್ತನೇತ್ತೆ ಪರೀಕ್ಷಾದಾಗ ಮೇಷ್ಟ್ರು ಉತ್ತರ ಹೇಳಿಕೊಟ್ರ, ಸ್ಕ್ವಾಡ್‌ನೋರಿಗೆ ಹೋಗಿ ಹೇಳ್ದಾಕಿ ನೀನು. ಸಾಲಿ ಹೋತು, ನಿನ್ನ ಹಟ ಹೋಗಲಿಲ್ಲ. ನಿನ್ನ ಕಡಿಂದ ಸುಳ್ಳು ಹೇಳಸಾಕ ನನ್ನಿಂದ ಆಗಂಗಿಲ್ಲ. ಅದಕ್ಕ ಸುಳ್ಳನ್ನ ಖರೇ ಮಾಡಿಬಿಟ್ಟೆ. ಕೋರ್ಟ್‌ನಾಗ ಕೇಳಿದ್ರ, ಯೂನಿಟ್ಟ ನನ್ನ ಹೆಸರಿನಾಗ ಐತಿ ಅನ್ನು. ಖರೇನ ಐತಲ್ಲ?"

ಅತ್ತಿಗೆ, ಆಮೇಲೆ ನಾನು ಯೂನಿಟ್ಟಿನಲ್ಲಿ ಕೂರಲಾಗದೆ ಎದ್ದು ಕೋಟೆ ಗುಡ್ಡದ ಬುಡದವರೆಗೆ ನಡೆದು ಬಂದೆ. ತಿರುಗಿ ಮತ್ತೆ ನಡೆದೆ. ಜೀವನದಲ್ಲಿ ನನ್ನ ಹತ್ತಿರ ಇದ್ದದ್ದು ಅದೊಂದೇ. ಓದು ಇಲ್ಲ, ದುಡ್ಡು ಇಲ್ಲ. ಬಾಯಿ ಬಿಟ್ಟರೆ ನಿಜ ಬರುತ್ತದೆ ಎಂಬುದು ಮಾತ್ರ ಇತ್ತು. ಅವನು ಅದನ್ನೇ ಅಳತೆ ತೆಗೆದು ಕತ್ತರಿಸಿ, ತನಗೆ ಬೇಕಾದ ಹಾಗೆ ಹೊಲಿದುಕೊಂಡಿದ್ದಾನೆ.

ಓದದೆ ಸಹಿ ಹಾಕಿದ್ದು ನನ್ನ ತಪ್ಪು. ಅದಕ್ಕೆ ನೀವು ಬೈದದ್ದು ಸರಿ. ಆದರೆ ನಾನು ನಿಮ್ಮನ್ನು ಮಾರಿಲ್ಲ.

ನಡೆಯುವಾಗ ಒಂದು ಹೊಳೆಯಿತು. ಕಾಗದದ ಪ್ರಕಾರ ನಾನು ಮಾಲಕಿ ತಾನೆ? ಯೂನಿಟ್ಟಿನ ವ್ಯವಹಾರವೆಲ್ಲ ಈಗ ನನ್ನ ಹೆಸರಿನ ಖಾತೆಯಲ್ಲಿ ನಡೆಯುತ್ತದೆ. ಖಾಲಿ ಚೆಕ್ಕುಗಳಿಗೆಲ್ಲ ನನ್ನ ಸಹಿ ಮೊದಲೇ ಮಾಡಿಸಿಟ್ಟುಕೊಂಡಿದ್ದಾನೆ. ಎಲ್ಲಿಂದ ಬಂತು, ಯಾರ ಕೈಗೆ ಹೋಯಿತು ಎಂಬುದು ಬ್ಯಾಂಕಿನಲ್ಲಿ ಇರಲೇಬೇಕು. ನನ್ನ ಖಾತೆಯ ವಿವರ ನಾನು ಕೇಳಿದರೆ ಕೊಡುವುದಿಲ್ಲ ಎನ್ನಲು ಯಾರಿಗೂ ಆಗುವುದಿಲ್ಲ. ನಾಳೆ ಹೋಗುತ್ತೇನೆ.

ನನಗೇನೂ ಹೆದರಿಕೆಯಿಲ್ಲ.

ಗಂಗೋತ್ರಿ


ಸಿರುಗುಪ್ಪ
೫ ಏಪ್ರಿಲ್ ೨೦೨೫

ಗಂಗೀ,

ವಕೀಲರ ಆಫೀಸಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಒಂದು ಕವರ್ ಬಂತಂತೆ. ಒಳಗೆ ಬ್ಯಾಂಕಿನ ನಾಲ್ಕು ಹಾಳೆ. ವ್ಯಾಪಾರಿಗಳು ಹಾಕಿದ ಹಣವೆಲ್ಲ ಆಯಾ ವಾರವೇ ಚನ್ನಬಸವರಾಜನ ಹೆಸರಿಗೆ ಹೋಗಿದೆ ಎಂದು ವಕೀಲರು ಖುಷಿಯಾಗಿ ಫೋನ್ ಮಾಡಿದರು. ನಾನು ಕೇಳಿದ್ದು ಒಂದೇ, "ಅದರಾಗ ಪತ್ರ ಐತೇನ್ರಿ?" ಇಲ್ಲ ಎಂದರು. ನೀನು ಹಾಳೆ ಕಳಿಸಿ ಒಂದು ಸಾಲೂ ಬರೆಯದೆ ಇರುವವಳಲ್ಲ. ನಿನ್ನ ಹಿಂದಿನ ಪತ್ರವನ್ನೂ ಈಗಲೇ ಓದಿದೆ. ನನ್ನನ್ನು ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ, ಅಷ್ಟು ನಾಚಿಕೆಯಾಗಿದೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಫೆಬ್ರವರಿ ಕೊನೆಗೆ ನಿಮ್ಮಣ್ಣ ಕುರುಗೋಡಿಗೆ ಬಂದರು, ನಮ್ಮ ಮನೆಗಲ್ಲ, ಸಾಲೆಗೆ. ಊರಿನ ಸಾಲೆಗಳಲ್ಲೆಲ್ಲ ಒಂದನೇ ತರಗತಿಯ ನೀಲಾಂಬಿಕಾ ಯಾರು ಎಂದು ಕೇಳಿಕೊಂಡು ಬಂದಿದ್ದರಂತೆ. ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು, ಮಗಳನ್ನು ಬೈಕಿನ ಮುಂದೆ ಕೂರಿಸಿಕೊಂಡು ಹೋದರು. ಒಂದೂವರೆ ತಾಸು. ನಾನು ಬಸ್ ಸ್ಟ್ಯಾಂಡು, ಪೊಲೀಸ್ ಸ್ಟೇಷನ್ನು, ಕಾಲುವೆ ಎಲ್ಲ ಕಡೆ ಓಡಿದೆ. ಕೊನೆಗೆ ಅವರೇ ತಂದು ಬಿಟ್ಟರು. ಅವಳ ಕೈಯಲ್ಲಿ ಐಸ್‌ಕ್ರೀಮ್ ಇತ್ತು. "ಹೆಂಗ ಕರಕೊಂಡು ಹೋಗೋದು ಅಂತ ನೋಡಿದೆ, ಅಷ್ಟ" ಎಂದರು, ನಗುತ್ತಾ.

ನಮ್ಮಣ್ಣ ಮರಿಬಸಪ್ಪ, "ರಾಜಿ ಆಗಿಬಿಡು, ನಮಗ್ಯಾಕ ಕೋರ್ಟು" ಎಂದ. ಮಾರನೆಯ ದಿನವೇ ಸಿರುಗುಪ್ಪಕ್ಕೆ ಬಂದೆ. ಬಸ್ ಸ್ಟ್ಯಾಂಡ್ ಹಿಂದಿನ ಈರಮ್ಮನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ, ಮೇಲಿನ ಖೋಲಿಯಲ್ಲಿ ಇರುತ್ತೇನೆ. ನೋಡು, ವಿಳಾಸ ಬರೆದಿದ್ದೇನೆ. ನಿನ್ನ ಪತ್ರ ಬರುವ ಹಿಂದಿನ ದಿನದವರೆಗೂ ಕೇಸು ವಾಪಸ್ ತೆಗೆದುಕೊಳ್ಳಬೇಕೆಂದೇ ಇದ್ದೆ.

ಮುಂದಿನ ದಿನಾಂಕ ೨೨. ನೀನು ಅವರ ಸಾಕ್ಷಿಯಾಗಿ ಬರಲಿ ಎಂದು ಕಾಯದೆ ಕೋರ್ಟಿನಿಂದಲೇ ನಿನಗೆ ಸಮನ್ಸ್ ಕಳಿಸುತ್ತಾರಂತೆ. ನೀಲುನನ್ನು ಒಬ್ಬಳನ್ನೇ ಬಿಟ್ಟು ನೀನು ಕೋರ್ಟಿಗೆ ಬರಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದು ವಕೀಲರು ನನಗೆ ಹೇಳಿದ್ದಾರೆ.

ಗಂಗೀ, ಎಲ್ಲಿದ್ದೀಯ?

ಅತ್ತಿಗೆ


ಬಳ್ಳಾರಿ
೧೧ ಏಪ್ರಿಲ್
(ಸುಂಕಮ್ಮ ಹೇಳಿ ಬರೆಸಿದ್ದು)

ಐಶ್ವರ್ಯಮ್ಮಗ, ನಿಮ್ಮ ಪತ್ರ ನನ್ನ ಹತ್ರಾನ ಐತಿ. ಕೊಡಾಕ ಆಗಿಲ್ಲ. ಹುಡುಗಿ ಕೆಲಸಕ್ಕ ಬರಲಾರದ ಹದಿನೈದು ದಿನ ಆತು. ನನಗೂ ಬರಬ್ಯಾಡ ಅಂದ್ರು. ದಿನಾ ಅವರ ಓಣ್ಯಾಗ ಹಾದು ಬರ್ತೀನಿ. ಮಾಳಿಗಿ ಮ್ಯಾಲ ಹಗ್ಗದಾಗ ಆಕಿ ಚೂಡಿದಾರ ಒಣಗಾಕ ಹಾಕಿರ್ತಾರ. ನಿನ್ನೆ ಹಸರದು, ಇವತ್ತು ನೀಲಿದು. ಅಂದ್ರ ಅದಾಳ.


ಬಳ್ಳಾರಿ
೨೩ ಏಪ್ರಿಲ್ ೨೦೨೫

ಅತ್ತಿಗೆ,

ಸುಂಕಮ್ಮನ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನೀವು ಕೇಳಿದ್ದನ್ನೆಲ್ಲ ಹೇಳುತ್ತೇನೆ.

ಬ್ಯಾಂಕಿನಲ್ಲಿ ಕೌಂಟರಿನ ಹೆಣ್ಣುಮಗಳು, "ನಿಮ್ಮ ಖಾತೆ ವಿವರ ಕೇಳಾಕ ಯಾಕ್ರಿ ಇಷ್ಟು ನಡುಗ್ತೀರಿ?" ಎಂದು ನಕ್ಕು ಹಾಳೆ ಕೊಟ್ಟರು. ಹಾಳೆಯ ಶುಲ್ಕವನ್ನು ಖಾತೆಯಿಂದಲೇ ಮುರಿದುಕೊಂಡರು. ಖಾತೆಗೆ ಅಣ್ಣ ತನ್ನ ನಂಬರ್ ಕೊಟ್ಟಿದ್ದ ಎಂಬುದು ನನ್ನ ತಲೆಗೆ ಬರಲಿಲ್ಲ. ಪತ್ರ ಬರೆಯಲು ಕೂರದೆ ಹಾಳೆಯನ್ನಷ್ಟೇ ಪೋಸ್ಟ್ ಮಾಡಿ ಮನೆ ಮುಟ್ಟುವಷ್ಟರಲ್ಲಿ ಅವನ ಫೋನಿಗೆ ಸಂದೇಶ ಬಂದಿತ್ತು.

"ಹಾಳಿ ತಗೊಂಡೇನು?"

"ಹೂಂ."

"ಎಲ್ಲಿ?"

"ಪೋಸ್ಟ್ ಮಾಡೀನಿ."

ಅವನು ನನ್ನನ್ನು ಮುಟ್ಟಲಿಲ್ಲ. ಮಾಳಿಗೆಯ ಖೋಲಿಗೆ ಹೋಗು ಎಂದ, ಹೋದೆ, ಹೊರಗಿನಿಂದ ಬೀಗ ಬಿತ್ತು. ಅವ್ವ ಊಟ ತಂದುಕೊಡುತ್ತಿದ್ದಳು. ಆ ಖೋಲಿಯ ಉದ್ದ ಹನ್ನೊಂದು ಹೆಜ್ಜೆ. ಎಷ್ಟು ಸಲ ನಡೆದಿದ್ದೇನೋ ಗೊತ್ತಿಲ್ಲ.

೧೬ರಂದು ಕೆಳಗೆ ದನಿ ಕೇಳಿಸಿತು. ಅದೇ ಅಮೀನರು, ಚಿದಾನಂದಪ್ಪ.

"ಗಂಗೋತ್ರಿ ಅನ್ನಾಕಿ ಇಲ್ಲಿ ಇರಂಗಿಲ್ರಿ" ಎಂದ ಅಣ್ಣ. "ಹೊಸಪೇಟಿಗೆ ಹೋಗ್ಯಾಳ, ನಮ್ಮ ಕಾಕನ ಮನಿಗಿ."

"ಹೌದ್ರಿ, ಹೋಗ್ಯಾಳ" ಎಂದಳು ಅವ್ವ.

ಅಮೀನರು ಕೂಡಲೇ ಹೊರಡಲಿಲ್ಲ. ಅವರು ಕಾಯುತ್ತಿದ್ದರು ಎಂದೇ ನನಗೆ ಅನ್ನಿಸಿತು. ಕೂಗಿದರೆ ಅವರು ಹೋದ ಮೇಲೆ ಏನಾಗುತ್ತದೆ ಎಂದು ಗೊತ್ತಿತ್ತು. ಚಪ್ಪಲಿ ಎಳೆದು ತಿರುಗುವ ಸದ್ದಾಯಿತು. ಆಗ ಕಿಟಕಿಯ ಸರಳು ಹಿಡಿದು ಕೂಗಿದೆ.

"ಮಾಳಿಗಿ ಮ್ಯಾಲ ಅದೀನ್ರಿ!"

ಅವರು ಮೆಟ್ಟಿಲು ಹತ್ತಿ ಬಂದು ಬೀಗ ನೋಡಿದರು. "ಇದನ್ನ ತೆಗೀರಿ. ಆಕೀನ ಸಹಿ ಮಾಡಬೇಕು" ಎಂದರು. ಸಹಿ ಹಾಕುವ ಮೊದಲು ಈ ಸಲ ಪೂರ್ತಿ ಓದಿದೆ. ಕನ್ನಡದಲ್ಲೇ ಇತ್ತು. "ಆಕಿ ಇಪ್ಪತ್ತೆರಡಕ್ಕ ಬರಲಿಲ್ಲ ಅಂದ್ರ, ನಾನು ಕಂಡಿದ್ದು ಸಾಹೇಬ್ರಿಗೆ ಹೇಳ್ತೀನಿ" ಎಂದು ಅಣ್ಣನಿಗೆ ಹೇಳಿ ಇಳಿದರು. ಅವರು ಹೋದ ಮೇಲಿನ ಆರು ದಿನಗಳ ವಿಷಯ ನಾನು ಬರೆಯುವುದಿಲ್ಲ. ಸುಳ್ಳು ಬರೆಯುವುದಕ್ಕಿಂತ ಬರೆಯದಿರುವುದೇ ಸರಿ.

ನಿನ್ನೆ ಬೆಳಿಗ್ಗೆ ಅವ್ವ ಒಂದು ಚೀಲ ಕೊಟ್ಟಳು. ಎರಡು ಜೊತೆ ಬಟ್ಟೆ, ನೀವು ವಾಪಸ್ ಕಳಿಸಿದ ನೀಲುನ ಪ್ಯಾಂಟ್. ಅದು ಅವಳಿಗೆ ಎಲ್ಲಿ ಸಿಕ್ಕಿತೋ. "ಸಂಜಿಕ್ಕ ಈ ಮನಿಗಿ ಬರಬ್ಯಾಡ" ಎಂದಳು. ಸಿಟ್ಟಿಗೆ ಹೇಳಿದಳೋ, ನನ್ನ ಒಳ್ಳೆಯದಕ್ಕೆ ಹೇಳಿದಳೋ ಇನ್ನೂ ಗೊತ್ತಾಗಿಲ್ಲ.

ಕೋರ್ಟಿಗೆ ಅಣ್ಣನ ಬೈಕಿನಲ್ಲೇ ಹೋದೆ. ಅವನ ವಕೀಲರು ಯೂನಿಟ್ ಯಾರ ಹೆಸರಿನಲ್ಲಿದೆ ಎಂದರು. ನನ್ನ ಹೆಸರಿನಲ್ಲಿ ಎಂದೆ. ಸಹಿ ನಿಮ್ಮದೇ ಎಂದರು. ನನ್ನದೇ ಎಂದೆ. ಅಣ್ಣ ಹಿಂದಕ್ಕೆ ಒರಗಿ ಕುಳಿತ. ಅವನು ಅಂದುಕೊಂಡ ಹಾಗೆಯೇ ನನ್ನ ಬಾಯಿಂದ ನಿಜ ಬರುತ್ತಿತ್ತು. ಆಗ ನ್ಯಾಯಾಧೀಶರು, ಅವರೂ ಹೆಣ್ಣುಮಗಳು, ಬ್ಯಾಂಕಿನ ಹಾಳೆ ತಿರುವುತ್ತಾ ತಾವೇ ಕೇಳಿದರು. "ಮಾಲೀಕರು ನೀವು ಅಂದಮೇಲೆ ಯೂನಿಟ್ಟಿನ ಬೀಗದ ಕೈ ನಿಮ್ಮ ಹತ್ತಿರ ಇರಬೇಕಲ್ಲ?"

"ಯೂನಿಟ್ಟಿಂದು ಬಿಡ್ರಿ ಅಮ್ಮಾ. ಇವತ್ತು ಮುಂಜಾನಿ ತನಕ ನನ್ನ ಖೋಲಿ ಬೀಗದ ಕೈ ಸುದ್ದಾ ನನ್ನ ಹತ್ರ ಇದ್ದಿಲ್ಲ."

ಆಮೇಲೆ ಕೇಳಿದ್ದನ್ನೆಲ್ಲ ಹೇಳಿದೆ. ಮಿರ್ಚಿ ಮಂಡಕ್ಕಿ, ಒಂಬತ್ತು ಸಹಿ, ಖಾಲಿ ಚೆಕ್ಕು, ಮಾಲಕಿಯಾದ ಮೇಲೂ ಹೊಲಿದ ಜೇಬಿಗೆ ಇಷ್ಟು ಎಂದು ಅವನ ಕೈಯಿಂದಲೇ ನಾನು ಕೂಲಿ ಇಸಿದುಕೊಳ್ಳುವುದು. ಕೇಸು ಮುಗಿಯುವವರೆಗೆ ನೀಲುಗೆ ತಿಂಗಳು ತಿಂಗಳು ಮಧ್ಯಂತರ ಜೀವನಾಂಶ ಕೊಡಬೇಕು, ತಪ್ಪಿದರೆ ವಾರಂಟ್ ಎಂದು ಆದೇಶವಾಗಿದೆ. ವಕೀಲರು ನಿಮಗೆ ಫೋನ್ ಮಾಡಿರುತ್ತಾರೆ. ನಿಮ್ಮ ದನಿ ಕೇಳಬೇಕಿತ್ತು ನನಗೆ.

ಹೊರಗೆ ಅಣ್ಣ ಮೆಟ್ಟಿಲ ಹತ್ತಿರ ನಿಂತಿದ್ದ. ಸಿಟ್ಟಿರಲಿಲ್ಲ. "ಮನಿಗಿ ನಡಿ ಗಂಗಿ. ಅವ್ವ ಕಾಯಾಕತ್ತಾಳ" ಎಂದ. ಅವ್ವ ಕಾಯುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಚಿದಾನಂದಪ್ಪನವರು ಕುಳಿತಿದ್ದ ಬೆಂಚಿನ ತುದಿಗೆ ಹೋಗಿ ಕುಳಿತೆ. ಅಣ್ಣ ಒಂದು ತಾಸು ನಿಂತಿದ್ದು ಹೋದ. ವಕೀಲರು ಹೇಳಿ ಕಳಿಸಿ ಸುಂಕಮ್ಮ ಬರುವವರೆಗೆ ಅಮೀನರು ಏಳಲಿಲ್ಲ, ಏನೂ ಕೇಳಲೂ ಇಲ್ಲ.

ನಿಮ್ಮ ಪತ್ರವನ್ನು ಸುಂಕಮ್ಮ ರೊಟ್ಟಿಯ ಡಬ್ಬಿಯಲ್ಲೇ ಇಟ್ಟಿದ್ದಳು. ಎಣ್ಣೆಯ ಕಲೆಯ ನಡುವೆ ವಿಳಾಸ ಓದಿಕೊಂಡೆ. ಒಂದೆರಡು ದಿನದಲ್ಲಿ ಸಿರುಗುಪ್ಪದ ಬಸ್ ಹತ್ತುತ್ತೇನೆ. ಈರಮ್ಮನವರಿಗೆ ಇನ್ನೊಬ್ಬ ರೊಟ್ಟಿ ಬಡಿಯುವವಳು ಬೇಕೇ ಕೇಳಿ. ನನ್ನ ರೊಟ್ಟಿ ದುಂಡಗೆ ಬರುವುದಿಲ್ಲ, ಅದನ್ನೂ ಮೊದಲೇ ಹೇಳಿಬಿಡಿ.

ಬರುವ ಮುಂಚೆ ಒಂದು ತಪ್ಪೊಪ್ಪಿಗೆ. ನಿಮಗೆ ನಾನು ಒಂದೇ ಒಂದು ಸುಳ್ಳು ಬರೆದಿದ್ದೇನೆ, ಅದನ್ನೇ ಮೂರು ಸಲ ಬರೆದಿದ್ದೇನೆ. ಯಾವುದು ಎಂದು ನಿಮಗೆ ಗೊತ್ತಾಗಿರುತ್ತದೆ. ಮೊದಲ ಪತ್ರದ ದಿನದಿಂದಲೂ ಹೆದರಿಕೆ ಇತ್ತು ಅತ್ತಿಗೆ. ಈಗಲೂ ಇದೆ. ಸುಂಕಮ್ಮನ ಕೆಲಸ ಬಿಡಿಸಿದವನಿಗೆ ಸುಂಕಮ್ಮನ ಮನೆ ಹುಡುಕುವುದು ಕಷ್ಟವಲ್ಲ. ಇದನ್ನು ಬರೆಯುವಾಗಲೇ ಎರಡು ಸಲ ಬೈಕಿನ ಸದ್ದಾಯಿತು, ಎರಡು ಸಲವೂ ನೀಲುನ ಹಾಗೆ ಒಳಗೆ ಓಡಿದೆ.

ಸುಂಕಮ್ಮನಿಗೆ ಹೇಳಿದ್ದೇನೆ. ಯಾರಾದರೂ ಬಂದು ಕೇಳಿದರೆ, ಗಂಗೋತ್ರಿ ಇಲ್ಲಿ ಇಲ್ಲ ಅನ್ನು.

ಗಂಗೋತ್ರಿ